ಸೇವೆಗೊಂದು ಬೈಕ್ ಸವಾರಿ: ತಯಾರಿ ಹೇಗೆ?

2012ರಲ್ಲಿ ಸಿಡ್ನಿಯಲ್ಲಿ ಸೂಟು ಬೂಟು ಹಾಕಿಕೊಂಡು ಬೈಕ್ ಏರಿದವರ ಸವಾರಿಯೊಂದು ಶುರುವಾಯಿತು. ಈಗ ಅದು ಹತ್ತಾರು ದೇಶಗಳಲ್ಲಿ ನಡೆಯುತ್ತದೆ, ಗಂಡಸರ ಆರೋಗ್ಯದ ಕೆಲಸಕ್ಕೆ ಹಣ ಕೂಡಿಸುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಗೆಳೆಯರ ಬಳಗಕ್ಕೂ ಇಂಥದ್ದು ಸಾಧ್ಯ. ಆದರೆ ಯಾವ ದಾರಿ ಎನ್ನುವ ಮೊದಲು ಯಾವ ಕೆಲಸಕ್ಕೆ ಎಂಬುದು ಗಟ್ಟಿಯಾಗಬೇಕು.

ಮೊದಲು ಊರಿಗೆ ಹೋಗಿ ಕೇಳಿ. ಶಾಲೆಯಾದರೆ ಅಕ್ಕೋರು, ಸರ್ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ)ಯವರ ಜೊತೆ ಕೂತು ಮಾತಾಡಿ. ನೀವು ನೋಟ್‌ಬುಕ್ ಹಂಚೋಣ ಎಂದುಕೊಂಡಿರುತ್ತೀರಿ. ಅಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರೇ ಇರುವುದಿಲ್ಲ. ಆರೋಗ್ಯ ಕೇಂದ್ರವಾದರೆ ವೈದ್ಯರ ಜೊತೆಗೆ ಆಶಾ ಕಾರ್ಯಕರ್ತೆಯರನ್ನೂ ಕೇಳಿ, ಮನೆ ಮನೆ ತಿರುಗುವವರು ಅವರೇ ಅಲ್ವಾ? ಒಂದು ಸವಾರಿಗೆ ಒಂದೇ ಕೆಲಸ ಸಾಕು. ಅದಕ್ಕೆ ಕೊಟೇಶನ್ ತೆಗೆದುಕೊಳ್ಳಿ.

ಹಣದ ಲೆಕ್ಕ ಕಿಲೋಮೀಟರ್ ಮೇಲೆ ಇಟ್ಟರೆ ಕೊಡುವವರಿಗೂ ಹುರುಪು. ವಿಜಯಪುರದಿಂದ ಬಾದಾಮಿಗೆ ಹೋಗಿ ಬಂದರೆ ಸುಮಾರು 240 ಕಿ.ಮೀ. ಕಿಲೋಮೀಟರಿಗೆ 2 ರೂಪಾಯಿ ಎಂದರೆ ಒಬ್ಬ ದಾನಿಯಿಂದ 480 ರೂಪಾಯಿ. 20 ಸವಾರರು ತಲಾ 10 ಜನರನ್ನು ಒಪ್ಪಿಸಿದರೆ 96,000 ರೂಪಾಯಿ! ಪೆಟ್ರೋಲ್, ಊಟ, ಟೀ-ಶರ್ಟ್ ಖರ್ಚು ಸವಾರರ ಸ್ವಂತ ಜೇಬಿನಿಂದಲೇ ಹೋಗಬೇಕು. ಇದರಲ್ಲಿ ರಾಜಿ ಬೇಡ. ಯಾರೋ ಒಬ್ಬರ ಫೋನ್‌ಪೇಗೆ ಹಣ ಹಾಕಿಸುವುದೂ ಬೇಡ. ದಾನಿಗೆ ತೆರಿಗೆ ವಿನಾಯಿತಿ ಸಿಗುವಂಥ 80ಜಿ ನೋಂದಣಿ ಇರುವ ಟ್ರಸ್ಟ್ ಖಾತೆಗೇ ಹಾಕಿಸಿ, ರಸೀದಿ ಕೊಡಿಸಿ. 2,000 ರೂಪಾಯಿ ಮೀರಿ ನಗದು ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಇದನ್ನು ಮೊದಲೇ ಹೇಳಿಬಿಡಿ.

ಲೈಸೆನ್ಸ್, ವಿಮೆ, ಹಿಂದೆ ಕೂತವರಿಗೂ ಹೆಲ್ಮೆಟ್ ಇಲ್ಲದಿದ್ದರೆ ಸೇರಿಸಿಕೊಳ್ಳಬೇಡಿ. ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ.

ದಾರಿಯ ವಿಷಯಕ್ಕೆ ಬಂದರೆ, ಡಿಸೆಂಬರ್-ಜನವರಿಯ ತಂಪು ಸವಾರಿಗೆ ಚಂದ. ಆದರೆ ಅದೇ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಸ್ತೆ ತುಂಬ ಇರುತ್ತವೆ. ಕಬ್ಬಿನ ಜಲ್ಲೆ ಎರಡೂ ಕಡೆ ಹೊರಗೆ ಚಾಚಿರುತ್ತದೆ. ಎಷ್ಟೋ ಟ್ರೇಲರ್‌ಗಳ ಹಿಂದೆ ಕೆಂಪು ದೀಪವೂ ಇರುವುದಿಲ್ಲ, ಕತ್ತಲಲ್ಲಿ ತೀರಾ ಹತ್ತಿರ ಹೋದಾಗಲೇ ಕಣ್ಣಿಗೆ ಬೀಳುತ್ತವೆ. ಹಾಗಾಗಿ ಬೆಳಕು ಹರಿದ ಮೇಲೆ ಹೊರಡಿ, ಹೊತ್ತು ಮುಳುಗುವ ಮೊದಲು ಮನೆ ಸೇರಿ. ಮಳೆ ಬಿದ್ದಿದ್ದರೆ ಎರೆ ಹೊಲದ ಕಚ್ಚಾ ದಾರಿಗೆ ಇಳಿಯಲೇಬೇಡಿ. ಆ ಮಣ್ಣು ಚಕ್ರಕ್ಕೂ ಮಡ್‌ಗಾರ್ಡ್‌ಗೂ ನಡುವೆ ಮೆತ್ತಿಕೊಂಡು ಚಕ್ರವೇ ತಿರುಗದಂತೆ ಮಾಡುತ್ತದೆ. ಜಾಲಿ ಮುಳ್ಳಿಗೆ ಪಂಕ್ಚರ್ ಕಿಟ್ ಇರಲಿ. ಮುಂದೊಬ್ಬ, ಕೊನೆಗೊಬ್ಬ ಅನುಭವಸ್ಥ ಸವಾರ ಇರಲಿ, ಆ ಕೊನೆಯವನಿಗಿಂತ ಹಿಂದೆ ಯಾರೂ ಉಳಿಯಬಾರದು. ದಾರಿಯಲ್ಲಿ ಸಿಗುವ ಕೊಲ್ಹಾರದಲ್ಲಿ ನಿಂತು ಗಡಿಗೆಯ ಗಟ್ಟಿ ಮೊಸರಿನ ಜೊತೆ ಬುತ್ತಿ ಬಿಚ್ಚಿ, ಸುಮ್ನೆ ಓಡಿಸುತ್ತಲೇ ಇದ್ದರೆ ದಣಿವು ಜಾಸ್ತಿ.

ಕೆಲಸ ಮುಗಿದ ಮೇಲೆ ಬಿಲ್‌ಗಳ ಪ್ರತಿಯನ್ನು ಶಾಲೆಯ ನೋಟಿಸ್ ಬೋರ್ಡ್‌ಗೆ ಹಚ್ಚಿ, ಕೊಟ್ಟವರಿಗೆಲ್ಲ ವಾಟ್ಸ್‌ಆ್ಯಪ್ ಮಾಡಿ. ಆರು ತಿಂಗಳ ನಂತರ ಮತ್ತೊಮ್ಮೆ ಹೋಗಿ, ನೀರಿನ ಕೆಲಸವಾಗಿದ್ದರೆ ನಲ್ಲಿ ತಿರುಗಿಸಿ ನೋಡಿ. ಮೋಟಾರ್ ಸುಟ್ಟಿದ್ದರೆ ಮತ್ತೆ ಹಣ ಬೇಕಾಗುತ್ತದೆ. ದುರಸ್ತಿಗೆಂದು ಮೊದಲೇ ಸ್ವಲ್ಪ ತೆಗೆದಿಡಿ, ಆ ಮಾತನ್ನು ದಾನಿಗಳಿಗೂ ತಿಳಿಸಿರಿ.