ಹವಾಯಿಯ ಸ್ಪ್ಯಾಮ್ ಮುಸುಬಿ: ಅನ್ನ ಅಂಟಿದರೆ ಅರ್ಧ ಕೆಲಸ ಮುಗಿದಂತೆ

ಹವಾಯಿಯಲ್ಲಿ ಪೆಟ್ರೋಲ್ ಬಂಕಿನ ಅಂಗಡಿಗೆ ಹೋದರೂ ಗಲ್ಲಾಪೆಟ್ಟಿಗೆಯ ಪಕ್ಕ ಇದು ಬೆಚ್ಚಗೆ ಕೂತಿರುತ್ತದೆ. ಕೆಳಗೆ ಪುಟ್ಟ ಇಟ್ಟಿಗೆಯಂಥ ಅನ್ನ, ಮೇಲೆ ಪಾಕ ಹಿಡಿದ ಮಾಂಸದ ತುಂಡು, ನಡುವಿಗೆ ಕಪ್ಪು ನೋರಿಯ ಪಟ್ಟಿ. ನೋರಿ ಅಂದರೆ ಹಾಳೆಯಂತೆ ಒಣಗಿಸಿದ ಕಡಲಪಾಚಿ.

1885ರಿಂದ ಜಪಾನಿನ ಜನ ಒಪ್ಪಂದದ ಮೇಲೆ ಅಲ್ಲಿನ ಕಬ್ಬಿನ ತೋಟಗಳಿಗೆ ಕೂಲಿಗೆ ಬಂದರು. ಅವರ ಬುತ್ತಿಯಲ್ಲಿ ಅನ್ನದ ಉಂಡೆ ಇರುತ್ತಿತ್ತು, ಅದೇ ಮುಸುಬಿ. ನಾವು ಉಂಡೆ ‘ಕಟ್ಟು’ತ್ತೇವಲ್ಲ, ಜಪಾನಿ ಮಾತಿನ ಮೂಲವೂ ಅದೇ ‘ಕಟ್ಟು’. ಸ್ಪ್ಯಾಮ್ ಬಂದದ್ದು ಆಮೇಲೆ. ಅಮೆರಿಕದ ಹಾರ್ಮೆಲ್ ಕಂಪನಿ 1937ರಲ್ಲಿ ತಂದ ಹಂದಿಮಾಂಸದ ಡಬ್ಬಿ ಅದು. ಎರಡನೇ ಮಹಾಯುದ್ಧದಲ್ಲಿ ಸೈನಿಕರ ಜೊತೆ ರಾಶಿಗಟ್ಟಲೆ ದ್ವೀಪಕ್ಕೆ ಬಂತು. ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಜಪಾನ್ ನಡೆಸಿದ ದಾಳಿಯ ನಂತರ ಜಪಾನಿ ಮೂಲದ ಮೀನುಗಾರರು ಕಡಲಿಗಿಳಿಯದಂತೆ ನಿರ್ಬಂಧ ಹಾಕಿದ್ದರು. ಮೀನು ಕಡಿಮೆಯಾದ ಅಡುಗೆಮನೆಗೆ ಡಬ್ಬಿ ಬಂತು. ಯುದ್ಧ ಮುಗಿದರೂ ಅಲ್ಲೇ ಉಳಿಯಿತು.

ಎಂಟು ಮುಸುಬಿಗೆ ಬೇಕಾದದ್ದು ಇಷ್ಟೇ: 340 ಗ್ರಾಮಿನ ಒಂದು ಡಬ್ಬಿ ಸ್ಪ್ಯಾಮ್, 400 ಗ್ರಾಂ ಅಂಟುವ ಅಕ್ಕಿ, ಮೂರು ನೋರಿ ಹಾಳೆ, ಸೋಯಾ ಸಾಸ್ ಮತ್ತು ಸಕ್ಕರೆ ತಲಾ ಮೂರು ದೊಡ್ಡ ಚಮಚ, ಸಿಕ್ಕರೆ ಒಂದು ಚಮಚ ಮಿರಿನ್. ಮಿರಿನ್ ಎಂದರೆ ಅಡುಗೆಗೆ ಬಳಸುವ ಸಿಹಿ ಅಕ್ಕಿಮದ್ಯ. ಇಲ್ಲದಿದ್ದರೆ ನೀರು ಸಾಕು. ಉಪ್ಪು ಕಡಿಮೆ ಇರುವ ಸ್ಪ್ಯಾಮ್ ಸಿಕ್ಕರೆ ಅದನ್ನೇ ತನ್ನಿ. ಮಾಮೂಲಿನದು ನಿಜಕ್ಕೂ ಉಪ್ಪು ಜಾಸ್ತಿ.

ಮೊದಲು ಅನ್ನ. ನಮಗೆ ಉದುರುದುರಾದ ಅನ್ನವೇ ಚೆಂದ ಅಲ್ವಾ? ಇಲ್ಲಿ ಅದು ನಡೆಯುವುದಿಲ್ಲ. ನಾನು ಮೊದಲ ಸಲ ಸೋನಾ ಮಸೂರಿಯಲ್ಲೇ ಮಾಡಿದೆ. ಕೈಗೆತ್ತಿಕೊಂಡ ಕೂಡಲೇ ಅನ್ನ ನಡುವೆ ಬಿರುಕು ಬಿಟ್ಟು ತಟ್ಟೆಗೆ ಬಿತ್ತು, ನೋರಿಯ ಬಳೆ ಕೈಯಲ್ಲೇ ಉಳಿಯಿತು. ಅಮೈಲೋಸ್ ಎಂಬ ಪಿಷ್ಟ ಕಡಿಮೆ ಇರುವ ಅಕ್ಕಿ ಮಾತ್ರ ಅಂಟುತ್ತದೆ. ಹವಾಯಿಯ ಮನೆಗಳಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ರೋಸ್ ಬಳಸುತ್ತಾರೆ. ಸುಶಿ ಅಕ್ಕಿ ಅಂತ ಮಾರುವುದೂ ಆಗುತ್ತದೆ.

ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ. ಒಂದು ಲೋಟ ಅಕ್ಕಿಗೆ ಒಂದೂಕಾಲು ಲೋಟಕ್ಕಿಂತ ಚೂರು ಕಡಿಮೆ ನೀರು. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ, ಒಲೆ ಆರಿಸಿ ಮುಚ್ಚಳ ತೆಗೆಯದೆ ಇನ್ನೂ ಹತ್ತು ನಿಮಿಷ. ಗಂಜಿ ಬಸಿಯಬೇಡಿ, ಉಪ್ಪು ಹಾಕಬೇಡಿ. ಸುಶಿಗೆ ಹಾಕುವ ವಿನೆಗರ್ ಕೂಡ ಬೇಡ.

ಮಾಂಸ ಮತ್ತು ಪಾಕ. ಸ್ಪ್ಯಾಮನ್ನು ಹೊರತೆಗೆದು ಎಂಟು ತುಂಡು ಮಾಡಿ. ನಡುವೆ ಒಮ್ಮೆ, ಪ್ರತಿ ಅರ್ಧದ ನಡುವೆ ಒಮ್ಮೆ, ಮತ್ತೆ ಹಾಗೇ ಕೊಯ್ದರೆ ದಪ್ಪ ಒಂದೇ ಸಮ ಬರುತ್ತದೆ. ಬಾಣಲೆಗೆ ಎಣ್ಣೆ ಬೇಡ, ಅದರದ್ದೇ ಕೊಬ್ಬು ಬಿಡುತ್ತದೆ. ಹದ ಉರಿಯಲ್ಲಿ ಎರಡೂ ಬದಿ ಎರಡು ಮೂರು ನಿಮಿಷ, ಅಂಚು ಕೆಂಪಾಗಲಿ. ಆಮೇಲೆ ಬಾಣಲೆಯ ಕೊಬ್ಬನ್ನು ಕಾಗದದಿಂದ ಒರೆಸಿಬಿಡಿ. ಇಲ್ಲದಿದ್ದರೆ ಪಾಕ ಹಿಡಿಯದೆ ಜಾರುತ್ತದೆ.

ಸೋಯಾ, ಸಕ್ಕರೆ, ಮಿರಿನ್ ಕಲಸಿ ಸುರಿದು ಉರಿ ತಗ್ಗಿಸಿ. ಈಗ ಕಣ್ಣು ಬಾಣಲೆಯ ಮೇಲೇ ಇರಲಿ. ಮೊದಲು ಸಣ್ಣ ನೊರೆ ಬರುತ್ತದೆ. ಆಮೇಲೆ ಗುಳ್ಳೆಗಳು ದೊಡ್ಡದಾಗಿ, ನಿಧಾನವಾಗಿ, ಕಂದಾಗಿ ಏಳುತ್ತವೆ. ಚಮಚ ಎಳೆದರೆ ತಳದಲ್ಲಿ ಗೆರೆ ಒಂದು ಕ್ಷಣ ನಿಲ್ಲಬೇಕು. ನಾವು ಒಂದೆಳೆ ಪಾಕ ಅನ್ನುವ ಹದ. ತುಂಡುಗಳನ್ನು ಒಮ್ಮೆ ಮಗುಚಿ ಕೂಡಲೇ ಇಳಿಸಿ. ಸ್ವಲ್ಪ ತಡವಾದರೂ ಸಕ್ಕರೆ ಸೀದು ಕಹಿಯಾಗುತ್ತದೆ.

ಒತ್ತುವುದು. ಅಚ್ಚು ಕೊಳ್ಳಬೇಕಿಲ್ಲ, ಖಾಲಿ ಡಬ್ಬಿಯೇ ಅಚ್ಚು. ಅದರ ಬಾಯಿ ಹರಿತ, ಬೆರಳು ಜೋಪಾನ. ಒಳಗೆ ಆಹಾರ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ (ಕ್ಲಿಂಗ್ ಫಿಲ್ಮ್) ಹಾಸಿ, ತುದಿ ಹೊರಗೆ ಇಳಿಬಿಡಿ. ಒಂದು ಹಿಡಿ ಬಿಸಿ ಅನ್ನ ಹಾಕಿ, ಒದ್ದೆ ಚಮಚದ ಬೆನ್ನಿನಿಂದ ಗಟ್ಟಿಯಾಗಿ ಒತ್ತಿ. ಎರಡು ಬೆರಳು ದಪ್ಪ ಸಾಕು. ಅನ್ನ ತಣ್ಣಗಾದರೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಹಾಗಂತ ನುಜ್ಜುಗುಜ್ಜು ಮಾಡಬೇಡಿ, ಅಗುಳು ಅಗುಳಾಗಿಯೇ ಕಾಣಬೇಕು. ಹಾಳೆ ಎಳೆದು ಹೊರತೆಗೆದು ಮೇಲೆ ಮಾಂಸ ಇಡಿ.

ಪ್ರತಿ ನೋರಿ ಹಾಳೆಯನ್ನು ಕತ್ತರಿಯಿಂದ ಮೂರು ಉದ್ದ ಪಟ್ಟಿ ಮಾಡಿ. ಹೊಳೆಯುವ ಬದಿ ಹೊರಗಿರಲಿ. ನಡುವಿಗೆ ಸುತ್ತಿ, ತುದಿಗೆ ಒಂದು ಅಗುಳು ಹಿಸುಕಿ ಅಂಟಿಸಿ. ಸುತ್ತಿದ್ದನ್ನು ಐದು ನಿಮಿಷ ಹಾಗೇ ಬಿಡಿ. ಅನ್ನದ ಬಿಸಿಗೆ ನೋರಿ ಮೆತ್ತಗಾಗಿ ಮೈಗೆ ಹತ್ತಿಕೊಳ್ಳುತ್ತದೆ, ಕಚ್ಚಿದರೆ ಸಲೀಸಾಗಿ ತುಂಡಾಗುತ್ತದೆ.

ಹಂದಿಮಾಂಸ ತಿನ್ನದವರಿಗೆ ಟರ್ಕಿ ಕೋಳಿಯ ಸ್ಪ್ಯಾಮ್ ಇದೆ. ಸಸ್ಯಾಹಾರಿಗಳು ಗಟ್ಟಿ ತೋಫುವನ್ನು (ಸೋಯಾ ಪನೀರ್) ನೀರು ಹಿಂಡಿ, ಚೂರು ಎಣ್ಣೆಯಲ್ಲಿ ಕೆಂಪಗೆ ಹುರಿದು ಇದೇ ಪಾಕ ಹಿಡಿಸಬಹುದು. ನನಗಂತೂ ಅದೂ ಅಷ್ಟೇ ಇಷ್ಟ.

ಮಾಡಿದ ಎರಡು ಗಂಟೆಯೊಳಗೆ ತಿನ್ನಿ. ಫ್ರಿಜ್ಜಿಗೆ ಇಟ್ಟರೆ ಅನ್ನ ಗಟ್ಟಿಯಾಗುತ್ತದೆ. ಉಳಿದದ್ದನ್ನು ಇಡಲೇಬೇಕಾದರೆ, ಮರುದಿನ ಒದ್ದೆ ಟಿಶ್ಯೂ ಕಾಗದ ಸುತ್ತಿ, ಒಳಗಿನ ಅನ್ನದವರೆಗೂ ಹಬೆಯಾಡುವಷ್ಟು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ.