ಕುದುರೆಯ ಅನ್ನನಾಳದಲ್ಲಿ ಮೇವು ಸಿಕ್ಕಿಕೊಂಡಾಗ ಮಾಡಬೇಕಾದುದು, ಮಾಡಬಾರದುದು

ಹುರುಳಿಯನ್ನೋ ಒಣ ಬೂಸಾವನ್ನೋ ಆತುರದಿಂದ ತಿನ್ನುತ್ತಿದ್ದ ಕುದುರೆ ಇದ್ದಕ್ಕಿದ್ದಂತೆ ಬಾಯಾಡಿಸುವುದನ್ನು ನಿಲ್ಲಿಸಿ, ಕತ್ತನ್ನು ಮುಂದಕ್ಕೆ ಚಾಚಿ, ಮತ್ತೆ ಮತ್ತೆ ನುಂಗಲು ಹೆಣಗುತ್ತಾ ಕೆಮ್ಮಿದರೆ, ಅದರ ಅನ್ನನಾಳದಲ್ಲಿ ಮೇವು ಸಿಕ್ಕಿಕೊಂಡಿದೆ ಎಂದು ಮೊದಲು ಶಂಕಿಸಬೇಕು. ಎರಡೂ ಮೂಗಿನ ಹೊಳ್ಳೆಗಳಿಂದ ಮೇವಿನ ಚೂರು ಬೆರೆತ, ಹಸಿರು ಅಥವಾ ಕಂದು ಬಣ್ಣದ ನೊರೆಜೊಲ್ಲು ಸುರಿಯತೊಡಗಿದರೆ ಈ ಶಂಕೆ ಬಹುಮಟ್ಟಿಗೆ ಖಚಿತವಾಗುತ್ತದೆ. ಕೆಲವು ಕುದುರೆಗಳು ಬೆವರುತ್ತವೆ, ನೆಲವನ್ನು ಕೆರೆಯುತ್ತವೆ. ಇನ್ನು ಕೆಲವು ತಲೆ ತಗ್ಗಿಸಿ ಮಂಕಾಗಿ ನಿಂತುಬಿಡುತ್ತವೆ.

ನೋಡುವವರಿಗೆ ಕುದುರೆಗೆ ಉಸಿರುಗಟ್ಟುತ್ತಿದೆ ಎನಿಸುತ್ತದೆ. ವಾಸ್ತವವಾಗಿ ಮೇವು ಸಿಕ್ಕಿಕೊಂಡಿರುವುದು ಶ್ವಾಸನಾಳದಲ್ಲಲ್ಲ, ಅದರ ಪಕ್ಕದಲ್ಲೇ ಹೊಟ್ಟೆಯವರೆಗೆ ಸಾಗುವ, ಒಂದು ಮೀಟರಿಗೂ ಹೆಚ್ಚು ಉದ್ದದ ಅನ್ನನಾಳದಲ್ಲಿ. ಆದ್ದರಿಂದ ಕುದುರೆ ಉಸಿರಾಡುತ್ತಲೇ ಇರುತ್ತದೆ, ಮತ್ತು ವೈದ್ಯರನ್ನು ಕರೆಸುವಷ್ಟು ಸಮಯ ನಮಗಿರುತ್ತದೆ. ಕುದುರೆಗೆ ವಾಂತಿ ಮಾಡಿಕೊಳ್ಳಲು ಸಾಧ್ಯವಿಲ್ಲ; ಅದರ ಮೃದು ಅಂಗುಳು ಉದ್ದವಾಗಿರುವುದರಿಂದ, ಕೆಳಗಿಳಿಯಲಾಗದೆ ಹಿಂದಿರುಗಿದ ಜೊಲ್ಲು ಮತ್ತು ಮೇವು ಮೂಗಿನಿಂದ ಹೊರಬರುತ್ತವೆ. ಹೀಗೆ ಹಿಂದಿರುಗುವ ದ್ರವದ ಒಂದು ಪಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಉಂಟಾಗುವುದೇ ಈ ಪ್ರಸಂಗದ ನಿಜವಾದ ಅಪಾಯ, ಮತ್ತು ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಅದನ್ನು ತಡೆಯುವುದಕ್ಕಾಗಿಯೇ ಇವೆ.

ಮೊದಲು ಕುದುರೆಯ ಮುಂದಿರುವ ಮೇವನ್ನೆಲ್ಲ ತೆಗೆಯಿರಿ. ನೆಲಕ್ಕೆ ಹಾಸಿದ ಹುಲ್ಲನ್ನು ತಿನ್ನುವ ಅಭ್ಯಾಸವಿದ್ದರೆ ಅದನ್ನೂ ತೆಗೆಯಿರಿ. ವೈದ್ಯರು ಹೇಳುವವರೆಗೆ ನೀರನ್ನೂ ಕೊಡಬೇಡಿ. ಬಾಯಾರಿದ ಪ್ರಾಣಿಯ ಎದುರಿನಿಂದ ಬಕೆಟ್ ಸರಿಸುವುದು ನಿರ್ದಯವೆನಿಸಬಹುದು, ಆದರೆ ದಾರಿ ಮುಚ್ಚಿರುವಾಗ ಕುಡಿದ ನೀರು ಹಿಂದಿರುಗಿ ಶ್ವಾಸಕೋಶದತ್ತ ಹೋಗುವ ಸಂಭವವಿದೆ. ಗಂಟೆ ಎಷ್ಟಾಗಿದೆ, ಕುದುರೆ ಏನನ್ನು ತಿನ್ನುತ್ತಿತ್ತು ಎಂಬುದನ್ನು ಬರೆದಿಟ್ಟುಕೊಂಡು ತಕ್ಷಣವೇ ಪಶುವೈದ್ಯರಿಗೆ ಫೋನ್ ಮಾಡಿ. ಕರ್ನಾಟಕದಲ್ಲಿ ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962 ಇದೆಯಾದರೂ, ಕುದುರೆಗಳ ಚಿಕಿತ್ಸೆಯಲ್ಲಿ ನುರಿತವರು ಬೆಂಗಳೂರು, ಮೈಸೂರುಗಳ ಆಚೆ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಅಂತಹ ಒಬ್ಬರ ಸಂಖ್ಯೆಯನ್ನು ಮೊದಲೇ ಕೇಳಿ ಪಡೆದು ಲಾಯದ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು.

ವೈದ್ಯರು ಬರುವವರೆಗೆ ಕುದುರೆಯನ್ನು ನೆರಳಿನಲ್ಲಿ, ಜನಸಂದಣಿಯಿಲ್ಲದ ಕಡೆ ನಿಲ್ಲಿಸಿ, ಪರಿಚಿತರೊಬ್ಬರು ಹಗ್ಗವನ್ನು ಸಡಿಲವಾಗಿ ಹಿಡಿದಿರಲಿ. ತಲೆಯನ್ನು ಎತ್ತರಕ್ಕೆ ಕಟ್ಟಲೇಬಾರದು. ತಲೆ ತಗ್ಗಿದ್ದಷ್ಟೂ ಜೊಲ್ಲು ಹೊರಕ್ಕೆ ಹರಿಯುತ್ತದೆ. ಕತ್ತಿನ ಎಡಬದಿಯಲ್ಲಿ, ದವಡೆಯ ಹಿಂದಿನಿಂದ ಎದೆಯವರೆಗೆ ಇಳಿಯುವ ತಗ್ಗಿನ ಉದ್ದಕ್ಕೂ ಬೆರಳಾಡಿಸಿದರೆ ಕೆಲವೊಮ್ಮೆ ಗಟ್ಟಿಯಾದ ಉಬ್ಬು ಕೈಗೆ ಸಿಗುತ್ತದೆ. ಅದನ್ನು ಅಂಗೈಯಿಂದ ಹಗುರವಾಗಿ ಕೆಳಮುಖವಾಗಿ ನೀವಬಹುದು, ಆದರೆ ಹಿಚುಕುವುದು, ಗುದ್ದುವುದು ಕೂಡದು. ಉಬ್ಬು ಸಿಗದಿದ್ದರೆ ಮೇವು ಎದೆಯ ಒಳಭಾಗದಲ್ಲಿ ನಿಂತಿರಬಹುದು.

ನಮ್ಮ ಹಳ್ಳಿಗಳಲ್ಲಿ ದನಕ್ಕೆ ಹೊಟ್ಟೆ ಉಬ್ಬರಿಸಿದಾಗ ಗೊಟ್ಟದಲ್ಲಿ ಎಣ್ಣೆ ಕುಡಿಸುವ ರೂಢಿಯಿದೆ. ಅದೇ ಕ್ರಮವನ್ನು ಇಲ್ಲಿ ಅನುಸರಿಸಿ ತಲೆಯೆತ್ತಿ ಹಿಡಿದು ಎಣ್ಣೆ, ನೀರು, ಮಜ್ಜಿಗೆ ಯಾವುದನ್ನು ಸುರಿದರೂ ಅದು ಶ್ವಾಸಕೋಶ ಸೇರುವ ಸಾಧ್ಯತೆ ಬಹಳ. ಎಣ್ಣೆಯಂತೂ ಅಲ್ಲಿಂದ ಸುಲಭವಾಗಿ ತೊಲಗುವುದಿಲ್ಲ. ನೀರಿನ ಪೈಪನ್ನಾಗಲಿ ಕೋಲನ್ನಾಗಲಿ ಗಂಟಲಿಗೆ ತೂರಿಸಿದರೆ ಅನ್ನನಾಳವೇ ಹರಿಯಬಹುದು. ಬಾಯೊಳಗೆ ಕೈ ಹಾಕುವುದೂ ಬೇಡ. ಹಲ್ಲಿನ ಭಯ ಒಂದು ಕಡೆಯಾದರೆ, ಹುಚ್ಚುನಾಯಿ ಕಡಿತದಿಂದ ರೇಬೀಸ್ ತಗುಲಿದ ಕುದುರೆಯೂ ನುಂಗಲಾಗದೆ ಹೀಗೆಯೇ ಜೊಲ್ಲು ಸುರಿಸಬಲ್ಲದು. ಇತ್ತೀಚಿನ ತಿಂಗಳುಗಳಲ್ಲಿ ನಾಯಿ ಕಚ್ಚಿದ್ದರೆ, ಅಥವಾ ಕುದುರೆಯ ನಡಿಗೆ, ವರ್ತನೆಗಳಲ್ಲಿ ವ್ಯತ್ಯಾಸ ಕಂಡಿದ್ದರೆ, ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಜೊಲ್ಲು ಬರಿಗೈಗೆ ತಾಕದಂತೆ ನೋಡಿಕೊಳ್ಳಿ.

ಎಷ್ಟೋ ಸಲ ಜೊಲ್ಲಿನಿಂದಲೇ ಮೇವು ನೆನೆದು, ವೈದ್ಯರು ತಲುಪುವ ಮೊದಲೇ ದಾರಿ ತೆರೆದುಕೊಳ್ಳುತ್ತದೆ. ಹಾಗಾಗದಿದ್ದಾಗ ವೈದ್ಯರು ಮಂಪರಿನ ಚುಚ್ಚುಮದ್ದು ಕೊಟ್ಟು, ಕುದುರೆಯ ತಲೆ ತಾನಾಗಿ ಕೆಳಗಿಳಿದ ಮೇಲೆ, ಮೂಗಿನ ಮೂಲಕ ಹೊಟ್ಟೆಯ ಟ್ಯೂಬನ್ನು ತಡೆಯಿರುವ ಜಾಗದವರೆಗೆ ಇಳಿಸಿ, ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು ಹೊರಹರಿಸುತ್ತಾ ಉಂಡೆಯನ್ನು ಕರಗಿಸುತ್ತಾರೆ. ಇದು ನಿಧಾನದ ಕೆಲಸ, ಕೆಲವೊಮ್ಮೆ ಮರುದಿನ ಮತ್ತೆ ಮಾಡಬೇಕಾಗುತ್ತದೆ. ಬೇಗ ಮುಗಿಸುವಂತೆ ಅವರನ್ನು ಅವಸರಪಡಿಸಬೇಡಿ.

ದಾರಿ ತೆರೆದ ಮೇಲೂ ಅನ್ನನಾಳದ ಒಳಪದರ ಊದಿಕೊಂಡಿರುವುದರಿಂದ ಅದೇ ಜಾಗದಲ್ಲಿ ಮತ್ತೆ ಮೇವು ನಿಲ್ಲುವ ಸಂಭವ ಹೆಚ್ಚು. ಮಂಪರು ಪೂರ್ತಿ ಇಳಿಯುವವರೆಗೆ ಏನನ್ನೂ ಕೊಡಬಾರದು. ಬಳಿಕ ವೈದ್ಯರು ಹೇಳಿದಷ್ಟು ದಿನ, ಚೆನ್ನಾಗಿ ನೆನೆಸಿ ಗಂಜಿಯಂತೆ ಕಲಸಿದ ಮೇವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟು, ಒಣಹುಲ್ಲನ್ನು ಕೊನೆಯಲ್ಲಿ ಸೇರಿಸಬೇಕು. ಒಂದು ವಾರವಾದರೂ ದಿನಕ್ಕೆ ಎರಡು ಸಲ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ. ಬೆಳೆದ ಕುದುರೆಯ ಉಷ್ಣತೆ ಸಾಮಾನ್ಯವಾಗಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಸುಮ್ಮನೆ ನಿಂತಿರುವಾಗ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಇವು ಮೀರಿದರೆ, ಅಥವಾ ಮೂಗಿನ ಸ್ರಾವ ದುರ್ವಾಸನೆ ಬೀರಿದರೆ, ನ್ಯುಮೋನಿಯಾ ಆರಂಭವಾಗಿರಬಹುದೆಂದು ತಿಳಿದು ಮತ್ತೆ ವೈದ್ಯರನ್ನು ಕರೆಯಿರಿ.

ಹುರುಳಿ, ಕಡಲೆ, ಬೂಸಾಗಳನ್ನು ನೆನೆಸಿಯೇ ಕೊಡಿ. ಗಬಗಬನೆ ತಿನ್ನುವ ಕುದುರೆಯ ತೊಟ್ಟಿಯಲ್ಲಿ, ಬಾಯಿಗೆ ಹಿಡಿಯದಷ್ಟು ದೊಡ್ಡದಾದ ನುಣುಪು ಕಲ್ಲುಗಳನ್ನಿಟ್ಟರೆ ಅದು ನಿಧಾನವಾಗಿ ಹೆಕ್ಕಿ ತಿನ್ನುತ್ತದೆ. ಕ್ಯಾರೆಟ್ಟನ್ನು ಗುಂಡು ಬಿಲ್ಲೆಯಾಗಿ ಕೊಯ್ಯದೆ ಉದ್ದಕ್ಕೆ ತೆಳುವಾಗಿ ಸೀಳಿ. ಅರ್ಧ ಅಗಿದ ಹುಲ್ಲಿನ ಮುದ್ದೆಗಳು ಲಾಯದ ನೆಲದ ಮೇಲೆ ಬಿದ್ದಿರುವುದು ಕಂಡರೆ ಹಲ್ಲು ಸವೆದು ಚೂಪಾಗಿರಬಹುದು. ವರ್ಷಕ್ಕೊಮ್ಮೆಯಾದರೂ ಹಲ್ಲನ್ನು ತೋರಿಸಿ ಅರದಿಂದ ಉಜ್ಜಿಸಬೇಕು, ವಯಸ್ಸಾದ ಕುದುರೆಗೆ ಆರು ತಿಂಗಳಿಗೊಮ್ಮೆ. ಇಷ್ಟೆಲ್ಲ ಪಾಲಿಸಿದರೂ ಮೇವು ಪದೇ ಪದೇ ಸಿಕ್ಕಿಕೊಳ್ಳುತ್ತಿದ್ದರೆ ಅನ್ನನಾಳ ಎಲ್ಲೋ ಕಿರಿದಾಗಿರಬಹುದು. ಅದನ್ನು ಎಂಡೋಸ್ಕೋಪ್ ಇರುವ ಆಸ್ಪತ್ರೆಯಲ್ಲಿ ಪರೀಕ್ಷಿಸಿಯೇ ತಿಳಿಯಬೇಕು.