ಚಿಲಕ, ಬಲ್ಬು, ಮಕ್ಕಳ ಪಟ್ಟಿ: ನೆರೆ ಪರಿಹಾರ ಕೇಂದ್ರದಲ್ಲಿ ನನ್ನ ಅನುಭವ

ಮಕ್ಕಳ ಹಕ್ಕುಗಳ ಬಗ್ಗೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನಿದ್ದೇನೆ. 2019ರ ಆಗಸ್ಟ್ ಮೊದಲ ವಾರದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ತುಂಬಿ ಹರಿದವು. ನವಿಲುತೀರ್ಥ ಡ್ಯಾಂನಿಂದ ಬಿಟ್ಟ ನೀರು ರಾಮದುರ್ಗ, ಬಾದಾಮಿ, ನರಗುಂದ ಕಡೆಯ ಊರುಗಳಿಗೆ ನುಗ್ಗಿತು. ಜನ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಶಾಲೆ, ಕಲ್ಯಾಣ ಮಂಟಪ, ಗುಡಿಗಳಿಗೆ ಬಂದರು. ಕೆಲವರು 2009ರ ನೆರೆಯ ನಂತರ ಕಟ್ಟಿ ಖಾಲಿ ಬಿಟ್ಟಿದ್ದ 'ಆಸರೆ' ಮನೆಗಳಿಗೆ ಹೋದರು. ಮಲಪ್ರಭಾ ದಂಡೆಯ ಇಂಥ ಕೆಲವು ಕೇಂದ್ರಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ನಮ್ಮ ತಂಡಕ್ಕೆ ಬಂತು. ನಾವು ಏನೇನು ಮಾಡಿದೆವು ಅಂತ ಬರೆಯುತ್ತಿದ್ದೇನೆ. ಪ್ರತಿ ಮಳೆಗಾಲಕ್ಕೂ ಯಾರಾದರೂ ಹೊಸಬರು ಫೋನ್ ಮಾಡಿ ಇದನ್ನೇ ಕೇಳುತ್ತಾರೆ.

ಹೆಚ್ಚಿನವರು ಮೊದಲು ಕೇಳುವುದು ಮಕ್ಕಳ ಕಳ್ಳರ ಬಗ್ಗೆ. ಆ ಭಯ ಎಂಥದ್ದು ಅಂತ ನಮ್ಮ ರಾಜ್ಯ ನೋಡಿದೆ. ನೆರೆಗೆ ಒಂದು ವರ್ಷ ಮೊದಲು, 2018ರ ಜುಲೈನಲ್ಲಿ, ಬೀದರ್ ಜಿಲ್ಲೆಯ ಮುರ್ಕಿ ಊರಲ್ಲಿ ಹೈದರಾಬಾದಿನ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಅವನ ಜೊತೆಗಿದ್ದವರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ವದಂತಿಗೆ ಸಾಕಾಯಿತು. ವರ್ಷ ಕಳೆಯುವಷ್ಟರಲ್ಲಿ ಅದೇ ಉತ್ತರ ಕರ್ನಾಟಕದ ಪರಿಹಾರ ಕೇಂದ್ರಗಳಿಗೆ ದಿನವಿಡೀ ಅಪರಿಚಿತರು ಕಾರಿನಲ್ಲಿ ಬಂದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು, ಬಿಸ್ಕತ್ತು ಕೊಟ್ಟರು, ತೊಡೆ ಮೇಲೆ ಕೂರಿಸಿಕೊಂಡು ಸೆಲ್ಫಿ ತೆಗೆದುಕೊಂಡರು. ಯಾರೂ ಹೆಸರು ಸಹ ಕೇಳಲಿಲ್ಲ. ಕೊಡುವ ಕೈ ಅಲ್ವಾ, ಕೇಳೋದು ಹೇಗೆ?

ನಾನು ಕಂಡ ಹಾಗೆ ಕೇಂದ್ರದಲ್ಲಿ ಮಗುವಿಗೆ ಅಪಾಯ ಬರುವ ದಾರಿಗಳು ಬೇರೆ. ಕತ್ತಲೆ, ಚಿಲಕವಿಲ್ಲದ ಬಾಗಿಲು, ಯಾರ ಮಗು ಯಾರ ಜೊತೆ ಮಲಗಿದೆ ಅಂತ ಗೊತ್ತಿಲ್ಲದಿರುವುದು, ಉಪಕಾರ ಮಾಡಲು ಬಂದವರನ್ನು ಪ್ರಶ್ನಿಸಲು ನಮಗಿರುವ ಸಂಕೋಚ. ನೀರು ಇಳಿದ ಮೇಲೆ ಇದಕ್ಕೆ ಸಾಲ ಸೇರಿಕೊಳ್ಳುತ್ತದೆ.

ಹೊಸ ಕೇಂದ್ರಕ್ಕೆ ಹೋದರೆ ನಾನು ಮೊದಲು ಮಾಡುವ ಕೆಲಸ, ರಾತ್ರಿ ಟಾರ್ಚ್ ಹಿಡಿದು ಇಡೀ ಆವರಣ ಸುತ್ತುವುದು. ಹಗಲಲ್ಲಿ ಎಲ್ಲ ಚೆನ್ನಾಗೇ ಕಾಣುತ್ತದೆ. ಶಾಲೆಗಳನ್ನು ಕಟ್ಟಿರುವುದು ಹಗಲಿಗೆ. ಒಂದು ಹೈಸ್ಕೂಲಿನಲ್ಲಿ ಶೌಚಾಲಯ ಕಟ್ಟಡದ ಹಿಂದೆ, ಕಾಂಪೌಂಡ್ ಗೋಡೆ ಪಕ್ಕದಲ್ಲಿತ್ತು. ಅಲ್ಲಿಗೆ ಹೋಗುವ ದಾರಿಯಲ್ಲಿ ದೀಪವಿಲ್ಲ. ಗೋಡೆಯ ಒಂದು ಕಡೆ ಒಡೆದಿತ್ತು, ಹೊರಗಿನಿಂದ ಯಾರು ಬೇಕಾದರೂ ಬರಬಹುದು. ಹೆಣ್ಣುಮಕ್ಕಳ ಎರಡು ಬಾಗಿಲಿಗೆ ಒಳಗಿನ ಚಿಲಕವೇ ಇರಲಿಲ್ಲ. ಹುಡುಗಿಯರು ಸಂಜೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಅದನ್ನು ಒಬ್ಬಳು ಏಳನೇ ಕ್ಲಾಸಿನ ಹುಡುಗಿ ಸುಮ್ನೆ ಮಾತಿನ ನಡುವೆ ಹೇಳಿದಳು: "ರಾತ್ರಿ ಅಲ್ಲಿ ಕತ್ತಲಿ ಐತ್ರಿ ಅಕ್ಕೋರ. ಅದಕ್ಕ ನಾವು ನೀರ ಕುಡಿಯಂಗಿಲ್ಲ."

ಮರುದಿನ ಹಾರ್ಡ್‌ವೇರ್ ಅಂಗಡಿಯಿಂದ ಚಿಲಕ, ಸ್ಕ್ರೂ, ವೈರು, ಬಲ್ಬು ತಂದು ಹಾಕಿಸಿದೆವು. ಒಡೆದ ಗೋಡೆಗೆ ಅಡ್ಡಲಾಗಿ ಒಂದು ಹಳೇ ಬೆಂಚು, ಅದರ ಮೇಲೆ ಮುಳ್ಳು. ಬೆಳಕು ಹೋದರೆ ಅಂತ ಚಾರ್ಜಿಂಗ್ ಲೈಟು. ಅಂತರರಾಷ್ಟ್ರೀಯ ಮಾನದಂಡಗಳ ಪ್ರಕಾರ ಆರಂಭದಲ್ಲಿ 50 ಜನಕ್ಕೆ ಒಂದಾದರೂ ಶೌಚಾಲಯ ಇರಬೇಕು, ಹೆಂಗಸರಿಗೆ ಗಂಡಸರಿಗಿಂತ ಮೂರು ಪಟ್ಟು ಜಾಸ್ತಿ ಇರಬೇಕು. ನಮ್ಮಲ್ಲಿ ಅಷ್ಟು ಎಲ್ಲಿಂದ ತರೋದು? ಗಂಡಸರಿಗಿದ್ದ ಶೌಚಾಲಯಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಕತ್ತಲಾದ ಮೇಲೆ ಹೆಂಗಸರಿಗೆ ಅಂತ ಮಾಡಿದೆವು. ಗೊಣಗಿದರು, ಆದರೆ ನಡೆಯಿತು.

ಎರಡನೆಯದು ಪಟ್ಟಿ. ತಹಸೀಲ್ದಾರ್ ಕಚೇರಿಯವರು ಮಾಡುವುದು ಕುಟುಂಬದ ಪಟ್ಟಿ. ಅದರಲ್ಲಿ ಯಜಮಾನನ ಹೆಸರು, ಮುಂದೆ ಸದಸ್ಯರ ಸಂಖ್ಯೆ ಇರುತ್ತದೆ. ಮಕ್ಕಳು ಆ ಸಂಖ್ಯೆಯೊಳಗೆ ಮಾಯ. ನಾವು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬೇರೆ ಪಟ್ಟಿ ಮಾಡಿದೆವು. ಮಗುವಿನ ಹೆಸರು, ಊರು, ಶಾಲೆ, ತರಗತಿ, ಈಗ ಯಾರ ಜೊತೆ ಇದೆ, ಅವರು ಮಗುವಿಗೆ ಏನಾಗಬೇಕು, ತಂದೆ ತಾಯಿ ಎಲ್ಲಿ, ಯಾವ ಕೋಣೆಯಲ್ಲಿ ಮಲಗುತ್ತದೆ. ಕೊನೆಯ ಎರಡು ಕಾಲಂ ತುಂಬಾ ಕೆಲಸಕ್ಕೆ ಬಂದವು. ಎಷ್ಟೋ ಮಕ್ಕಳ ತಂದೆ ತಾಯಿ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗಿದ್ದರು. ಮಕ್ಕಳು ಅಜ್ಜಿ ಜೊತೆ. ಆ ಅಜ್ಜಿಗೆ ಕಣ್ಣು ಮಂಜು. ಇನ್ನು ಕೆಲವು ಮಕ್ಕಳು ಟ್ರ್ಯಾಕ್ಟರ್ ಹತ್ತುವ ಗಡಿಬಿಡಿಯಲ್ಲಿ ಬೇರೆ ಕೇಂದ್ರಕ್ಕೆ ಬಂದಿದ್ದರು. ಇಂಥ ಮಕ್ಕಳನ್ನು ದಿನಕ್ಕೆ ಎರಡು ಸಲ ಹೆಸರು ಕರೆದು ನೋಡುತ್ತಿದ್ದೆವು, ಬೆಳಿಗ್ಗೆ ಚಹಾ ಹೊತ್ತಿಗೆ, ರಾತ್ರಿ ಊಟದ ಹೊತ್ತಿಗೆ. ಬೇರೆಯಾದವರನ್ನು 1098 ಮಕ್ಕಳ ಸಹಾಯವಾಣಿ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಮನೆಯವರ ಹತ್ತಿರ ಸೇರಿಸಿದೆವು. 1098 ಈಗ ತುರ್ತು ಕರೆಯ 112ರ ಜೊತೆಗೂ ಜೋಡಣೆಯಾಗಿದೆ, ಯಾವುದಕ್ಕೆ ಮಾಡಿದರೂ ಆದೀತು.

ಆ ನೋಟ್‌ಬುಕ್ಕನ್ನು ಯಾರ ಕೈಗೂ ಕೊಡಬಾರದು. ಇದು ಕಡ್ಡಾಯ. ಒಂಟಿ ಮಕ್ಕಳ ಹೆಸರು, ಮಲಗುವ ಜಾಗ ಬರೆದ ಪುಸ್ತಕ ತಪ್ಪು ಕೈಗೆ ಹೋದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಅದು ನನ್ನ ಜೋಳಿಗೆಯಲ್ಲೇ ಇರುತ್ತಿತ್ತು. ಒಬ್ಬ ಸ್ಥಳೀಯ ಮುಖಂಡರು ಫೋಟೋ ತೆಗೆದುಕೊಳ್ಳುತ್ತೇನೆ ಅಂದರು, ಕೊಡಲಿಲ್ಲ. ಎರಡು ದಿನ ಮುನಿಸಿಕೊಂಡಿದ್ದರು.

ಬಂದುಹೋಗುವವರಿಗೆ ಗೇಟಿನಲ್ಲೇ ಒಂದು ಟೇಬಲ್ ಹಾಕಿದೆವು. ಹೆಸರು, ಫೋನ್ ನಂಬರ್, ಗಾಡಿ ನಂಬರ್ ಬರೆಯಬೇಕು. ತಂದ ಸಾಮಾನನ್ನು ಹಿರಿಯರ ಕೈಗೆ ಕೊಡಬೇಕು, ಮಕ್ಕಳ ಕೈಗಲ್ಲ. ಮಕ್ಕಳ ಮುಖ ಕಾಣುವ ಫೋಟೋ ಬೇಡ. ಯಾವ ಮಗುವನ್ನೂ ಒಂಟಿಯಾಗಿ ಕೋಣೆಗೆ, ಕಾರಿಗೆ, ಅಂಗಡಿಗೆ ಕರೆದೊಯ್ಯುವಂತಿಲ್ಲ. ಈ ನಿಯಮ ನಮ್ಮ ಕಾರ್ಯಕರ್ತರಿಗೂ ಒಂದೇ, ನನಗೂ ಒಂದೇ. ಇದನ್ನು ಕೇಳಿದ ಕೆಲವರಿಗೆ ಅವಮಾನ ಆಯಿತು. "ನಾವೇನು ಕಳ್ಳರಾ ಮೇಡಂ?" ಅಂದರು. ಅವರಿಗೆ ನಾನು ಪಶ್ಚಿಮ ಆಫ್ರಿಕಾದ ಕಥೆ ಹೇಳುತ್ತಿದ್ದೆ. 2002ರಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳ ನಿರಾಶ್ರಿತರ ಶಿಬಿರಗಳಿಂದ ಒಂದು ವರದಿ ಬಂತು. ಆಹಾರ, ಟಾರ್ಪಾಲು ಹಂಚುವ ಕೆಲಸದವರೇ ಅದನ್ನು ಕೊಡುವ ನೆಪದಲ್ಲಿ ಹೆಣ್ಣುಮಕ್ಕಳನ್ನು ಬಳಸಿಕೊಳ್ಳುತ್ತಿದ್ದಾರೆ ಎಂಬ ಆರೋಪಗಳು ಅದರಲ್ಲಿದ್ದವು. ಮರುವರ್ಷ ವಿಶ್ವಸಂಸ್ಥೆ ತನ್ನ ಸಿಬ್ಬಂದಿಗೆ ನಿಯಮ ಮಾಡಿತು: 18 ತುಂಬದವರ ಜೊತೆ ಲೈಂಗಿಕ ಸಂಬಂಧ ಎಲ್ಲಿಯೂ ಇಲ್ಲ, ವಯಸ್ಸು ಗೊತ್ತಿರಲಿಲ್ಲ ಅನ್ನುವ ಸಬೂಬು ನಡೆಯುವುದಿಲ್ಲ. ಅಷ್ಟು ದೊಡ್ಡ ಸಂಸ್ಥೆಗಳೇ ತಮ್ಮವರ ಮೇಲೆ ಕಣ್ಣಿಡಬೇಕಾಯಿತು, ನೀವು ಒಂದು ಸಹಿ ಹಾಕೋದಕ್ಕೆ ಬೇಜಾರಾಗಬೇಡಿ ಅಂತ ಹೇಳಿದರೆ ಬಹಳ ಜನ ಹಾಕುತ್ತಿದ್ದರು.

ಹಾಕದವರೂ ಇದ್ದರು. ಒಂದು ಸಂಜೆ ಇಬ್ಬರು ಬಿಳಿ ಬಟ್ಟೆಯವರು ವ್ಯಾನ್ ತಂದರು. ತುಂಬಾ ಮೆತ್ತಗಿನ ಮಾತು. ಬಡ ಮಕ್ಕಳಿಗೆ ಬೇರೆ ಜಿಲ್ಲೆಯಲ್ಲಿ ಉಚಿತ ಹಾಸ್ಟೆಲ್ ನಡೆಸುತ್ತಾರಂತೆ, ಇವತ್ತೇ ಹತ್ತು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರಂತೆ, ಹತ್ತನೇ ತರಗತಿವರೆಗೂ ಖರ್ಚೆಲ್ಲ ಅವರದೇ ಅಂತೆ. ತಾಯಂದಿರು ಆಗಲೇ ಚೀಲ ಕಟ್ಟುತ್ತಿದ್ದರು. ಮನೆ ಬಿದ್ದವರಿಗೆ ಇದು ದೇವರೇ ಬಂದ ಹಾಗೆ ಕಾಣುತ್ತದೆ, ಅವರನ್ನು ಬೈದು ಪ್ರಯೋಜನವಿಲ್ಲ. ನಾನು ಬಾಲನ್ಯಾಯ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಕೇಳಿದೆ. ಇಲ್ಲ. ಇಂಥ ಮಕ್ಕಳ ಬಗ್ಗೆ ತೀರ್ಮಾನ ಮಾಡುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಆದೇಶ? ಅದೂ ಇಲ್ಲ. ನಾಳೆ ಬೆಳಿಗ್ಗೆ ಸಮಿತಿ ಮುಂದೆ ಹೋಗೋಣ, ತಾಯಂದಿರೂ ಬರುತ್ತಾರೆ, ಎಲ್ಲ ಸರಿಯಿದ್ದರೆ ನಾನೇ ಬಸ್ ಹತ್ತಿಸುತ್ತೇನೆ ಅಂದೆ. ಪಕ್ಕದಲ್ಲೇ ನಿಂತು ಸಿಡಿಪಿಒಗೂ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಠಾಣೆಗೂ ಫೋನ್ ಮಾಡಿದೆ. ಆ ವ್ಯಾನಿನವರು ಮರುದಿನ ಬರಲಿಲ್ಲ. ಅವರ ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ಉದ್ದೇಶ ನೋಡಿ ಮಗುವನ್ನು ಕಳಿಸೋಕಾಗಲ್ಲ, ಕಾಗದ ನೋಡಿಯೇ ಕಳಿಸಬೇಕು. 2010ರ ಜನವರಿಯಲ್ಲಿ ಹೈಟಿ ಭೂಕಂಪ ಆದಾಗ 33 ಮಕ್ಕಳನ್ನು ಅನಾಥರು ಅಂತ ಗಡಿ ದಾಟಿಸಲು ಹೊರಟ ಅಮೆರಿಕದ ಒಂದು ಗುಂಪನ್ನು ಪೊಲೀಸರು ತಡೆದರು. ವಿಚಾರಿಸಿದರೆ ಆ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ತಂದೆ ತಾಯಿ ಬದುಕಿದ್ದರು.

ಬೆಳಗಿನ ಹೊತ್ತು ಒಂದು ತರಗತಿ ಕೋಣೆಯನ್ನು ಆಟಕ್ಕೆ ಬಿಟ್ಟೆವು. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ನಮ್ಮ ಒಬ್ಬಳು, ಹೀಗೆ ಯಾವಾಗಲೂ ಕನಿಷ್ಠ ಇಬ್ಬರು ದೊಡ್ಡವರು, ಬಾಗಿಲು ತೆರೆದೇ ಇರಬೇಕು. ಆಟ ಅಂದರೆ ಕೇರಂ, ಕುಂಟೆಬಿಲ್ಲೆ, ಹಾಡು. ನೆರೆ ಬಂದ ರಾತ್ರಿಯ ಬಗ್ಗೆ ಮಕ್ಕಳನ್ನು ನಾವಾಗಿ ಕೇಳುತ್ತಿರಲಿಲ್ಲ. ಹೇಳಿದರೆ ಕೇಳುವುದು, ಅಷ್ಟೇ. ಒಂದು ದಿನ ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಶಾಲೆಯ ನಕ್ಷೆ ಬಿಡಿಸಿ, ಇಷ್ಟವಾದ ಜಾಗಕ್ಕೆ ಹಸಿರು, ಹೋಗಲು ಹೆದರಿಕೆ ಆಗುವ ಜಾಗಕ್ಕೆ ಕೆಂಪು ಬಳಿಯಿರಿ ಅಂದೆವು. ಶೌಚಾಲಯದ ದಾರಿಗೆ ಕೆಂಪು ಬಂತು, ಗೊತ್ತೇ ಇತ್ತು. ಆದರೆ ಹುಡುಗರು ಅಡುಗೆ ಶೆಡ್ಡಿನ ಹಿಂದೆಯೂ ಕೆಂಪು ಬಳಿದರು. ಅಲ್ಲಿ ರಾತ್ರಿ ಕೆಲವರು ಕುಡಿಯಲು ಕೂರುತ್ತಿದ್ದರು, ಹುಡುಗರನ್ನು ಗುಟ್ಕಾ ತರಲು ಕಳಿಸಿ, ಹತ್ತಿರ ಕೂರಿಸಿಕೊಂಡು ಬೇಡದ ಮಾತು ಆಡುತ್ತಿದ್ದರು. ದೊಡ್ಡವರಲ್ಲಿ ಯಾರೂ ಇದನ್ನು ನಮಗೆ ಹೇಳಿರಲಿಲ್ಲ. ಗಂಡು ಹುಡುಗರಿಗೆ ಏನಾಗುತ್ತದೆ ಅನ್ನುವ ಧೋರಣೆ ನಮ್ಮಲ್ಲಿ ಜಾಸ್ತಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಹುಡುಗ ಹುಡುಗಿ ಅಂತ ಭೇದ ಮಾಡುವುದಿಲ್ಲ. ಊರಿನ ಇಬ್ಬರು ಹಿರಿಯರನ್ನು, ಬೀಟ್ ಪೊಲೀಸರನ್ನು ಕರೆದು ಆ ಜಾಗ ಖಾಲಿ ಮಾಡಿಸಿದೆವು.

ಆ ದಿನಗಳಲ್ಲೇ ಒಂದು ಮಗು ನಮ್ಮ ಕಾರ್ಯಕರ್ತೆಗೆ ಒಂದು ವಿಷಯ ಹೇಳಿತು. ಯಾವ ಊರು, ಯಾವ ವಯಸ್ಸು, ಏನಾಯಿತು ಅಂತ ಬರೆಯುವುದಿಲ್ಲ. ಮಗುವಿನ ಗುರುತು ಸಿಗುವ ಹಾಗೆ ಬರೆಯಲು ಕಾಯ್ದೆ ಬಿಡುವುದಿಲ್ಲ, ಬಿಟ್ಟರೂ ಬರೆಯಬಾರದು. ನಾವು ನಡೆದುಕೊಂಡ ರೀತಿ ಮಾತ್ರ ಹೇಳುತ್ತೇನೆ. ಯಾರಿಗೂ ಹೇಳಲ್ಲ ಅಂತ ಮಗುವಿಗೆ ಮಾತು ಕೊಡಲಿಲ್ಲ. ಕಾರ್ಯಕರ್ತೆ ಹೇಳಿದ್ದು ಇಷ್ಟು: "ನೀ ಹೇಳಿದ್ದು ಚಲೋ ಆತು. ಇದರಾಗ ನಿಂದೇನೂ ತಪ್ಪಿಲ್ಲ. ಇದನ್ನ ನಿನಗ ಸಹಾಯ ಮಾಡೋರಿಗೆ ನಾ ಹೇಳಲೇಬೇಕು. ಬ್ಯಾರೆ ಯಾರಿಗೂ ಹೇಳಂಗಿಲ್ಲ." ಮತ್ತೆ ಮತ್ತೆ ಕೆದಕಿ ಕೇಳಲಿಲ್ಲ. ಮಗು ಹೇಳಿದ ಮಾತನ್ನು ಅದರ ಶಬ್ದಗಳಲ್ಲೇ ಬರೆದಿಟ್ಟರು.

ರಾತ್ರಿಯೊಳಗೆ ಹಿರಿಯರು ಬಂದರು. ಎರಡೂ ಕಡೆಯವರು ಒಂದೇ ಊರಿನವರು, ಮೊದಲೇ ನೀರಲ್ಲಿ ಎಲ್ಲ ಹೋಗಿದೆ, ಇಲ್ಲೇ ಕೂತು ಬಗೆಹರಿಸೋಣ ಅಂದರು. ನಾನು ಕೈ ಮುಗಿದು ಹೇಳಿದೆ, ಇದು ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಪೋಕ್ಸೊ 19ನೇ ಕಲಂ ಪ್ರಕಾರ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ ನನಗೆ. ಕಾಯ್ದೆಯನ್ನು ಹೀಗೆ ನನ್ನ ತಲೆಗೆ ಕಟ್ಟಿಕೊಂಡರೆ ಮಗುವಿನ ಮನೆಯವರ ಮೇಲೆ ಸಿಟ್ಟು ಬರುವುದು ಕಡಿಮೆಯಾಗುತ್ತದೆ. ಠಾಣೆಗೆ ಮೊದಲೇ ಫೋನಿನಲ್ಲಿ ಕೇಳಿಕೊಂಡಿದ್ದರಿಂದ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಸಾದಾ ಉಡುಪಿನಲ್ಲಿ, ಜೀಪು ದೂರ ನಿಲ್ಲಿಸಿ ಬಂದರು. ಹೇಳಿಕೆ ತೆಗೆದುಕೊಳ್ಳುವಾಗ ತಾಯಿ ಪಕ್ಕದಲ್ಲಿದ್ದರು. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ತಿಳಿಸಿದರು. ಕೇಂದ್ರ ಬಿಟ್ಟು ಹೋಗಬೇಕಾದ್ದು ಮಗು ಅಲ್ಲ ಅನ್ನುವ ಒಂದೇ ವಿಷಯಕ್ಕೆ ನಾವು ಪಟ್ಟು ಹಿಡಿದೆವು.

ನೀರು ಇಳಿಯಿತು, ಕೇಂದ್ರಗಳು ಮುಚ್ಚಿದವು. ಬರುತ್ತಿದ್ದ ಕಾರುಗಳೂ ನಿಂತವು. ಸರ್ಕಾರ ತುರ್ತಿಗೆ ಅಂತ ಕುಟುಂಬಕ್ಕೆ 10,000 ರೂಪಾಯಿ ಕೊಟ್ಟಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಅದೂ ಕಂತಿನಲ್ಲಿ. ಅಕ್ಟೋಬರ್‌ನಲ್ಲಿ ಮಲಪ್ರಭಾ ಮತ್ತೆ ಬಂದಳು. ಬೆಳೆ ಹೋಗಿತ್ತು, ಸಾಲ ನಿಂತಿತ್ತು. ನನ್ನ ಲೆಕ್ಕದಲ್ಲಿ ಮಕ್ಕಳಿಗೆ ನಿಜವಾದ ಕಷ್ಟ ಶುರುವಾದದ್ದು ಆಗ. ಬೆಳೆದ ಮಗಳನ್ನು ತಗಡಿನ ಶೆಡ್ಡಿನಲ್ಲಿ ಇಟ್ಟುಕೊಳ್ಳುವುದು ಹೇಗೆ ಅಂತ ತಾಯಂದಿರಿಗೆ ದಿಗಿಲು. ಮದುವೆ ಮಾಡಿಬಿಟ್ಟರೆ ಒಂದು ಜವಾಬ್ದಾರಿ ಕಳೆಯಿತು ಅನ್ನುವ ಮಾತು ಪ್ರತಿ ಓಣಿಯಲ್ಲೂ ಕೇಳಿಬಂತು.

ಆಗ ಅದೇ ನೋಟ್‌ಬುಕ್ ತೆರೆದೆವು. ಶಾಲೆಯ ಹಾಜರಿ ಪುಸ್ತಕದ ಜೊತೆ ಇಟ್ಟು ನೋಡಿದರೆ ಯಾರು ಬಂದಿಲ್ಲ ಅಂತ ತಿಳಿಯುತ್ತಿತ್ತು. ಎಂಟು, ಒಂಬತ್ತನೇ ತರಗತಿ ಹುಡುಗಿ ವಾರವಿಡೀ ಬರದಿದ್ದರೆ ಮುಖ್ಯ ಗುರುಗಳ ಜೊತೆ ಮನೆಗೆ ಹೋಗುತ್ತಿದ್ದೆವು. ಕಾರ್ಡು ಹಂಚಿದ ಮೇಲೆ ತಡೆಯುವುದು ಕಷ್ಟ, ನಿಶ್ಚಯಕ್ಕೆ ಮೊದಲೇ ಹೋಗಬೇಕು. ಬಾಲ್ಯವಿವಾಹ ನಿಷೇಧ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಪೊಲೀಸರು ದೂರಿಗೆ ಕಾಯದೆ ಕ್ರಮ ಕೈಗೊಳ್ಳಬಹುದು. ಈ ಮಾತನ್ನು ಹುಡುಗಿಯ ತಂದೆಗಿಂತ ಹುಡುಗನ ಕಡೆಯವರಿಗೆ ಹೇಳಿದಾಗ ಬೇಗ ಕೆಲಸ ಮಾಡಿತು. ಕೇಸು ಬೀಳುವ ಸಂಬಂಧ ಯಾರಿಗೆ ಬೇಕು? ಒಂದು ಕಡೆ ಮಾತಿಗೆ ಬಗ್ಗದೇ ಇದ್ದಾಗ ಬಾಲ್ಯವಿವಾಹ ನಿಷೇಧ ಅಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಂದ ಅದೇ ಕಾಯ್ದೆಯ 13ನೇ ಕಲಂ ಕೆಳಗೆ ತಡೆ ಆದೇಶ ತಂದೆವು. ಆದರೆ ಆದೇಶ ತಂದು ಕೈತೊಳೆದುಕೊಂಡರೆ ಆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ, ಬೈಗುಳ ತಿನ್ನುತ್ತಾಳೆ. ಅವಳಿಗೆ ಹಾಸ್ಟೆಲ್ ಸೀಟು ಸಿಗುವವರೆಗೆ ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆ) ಕಚೇರಿಗೆ ಅಲೆಯುವುದೂ ನಮ್ಮದೇ ಕೆಲಸ ಅಂತ ಇಟ್ಟುಕೊಂಡೆವು.

ಇನ್ನೊಂದು ಗುಂಪು ಗುಳೆ ಹೋದ ಮಕ್ಕಳದ್ದು. ಮೇಸ್ತ್ರಿ ಮುಂಗಡ ಕೊಟ್ಟಿರುತ್ತಾನೆ, ಇಡೀ ಕುಟುಂಬ ಹೊರಡುತ್ತದೆ. ತಡೆಯಲು ನಮಗೆ ಹಕ್ಕೂ ಇಲ್ಲ, ದುಡ್ಡೂ ಇಲ್ಲ. ಹೊರಡುವ ಮೊದಲು ಎಲ್ಲಿಗೆ, ಯಾವ ಮೇಸ್ತ್ರಿ, ಅವನ ಫೋನ್ ನಂಬರ್ ಏನು ಅಂತ ಬರೆದುಕೊಳ್ಳುತ್ತಿದ್ದೆವು. ಮಗುವಿನ ಕೈಗೆ ಶಾಲೆಯಿಂದ ಒಂದು ಚೀಟಿ ಕೊಡಿಸುತ್ತಿದ್ದೆವು, ಓದುತ್ತಿರುವ ತರಗತಿ ಮತ್ತು ಮುಖ್ಯ ಗುರುಗಳ ಸಹಿ ಅಷ್ಟೇ ಅದರಲ್ಲಿ. ಕರಾವಳಿಯ ಒಂದು ಶಾಲೆಯಲ್ಲಿ ಟಿಸಿ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ ಅಂದರು. ವರ್ಗಾವಣೆ ಪತ್ರ ತಡವಾಯಿತು ಅನ್ನುವ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಲ್ಲಿದೆ. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಅಲ್ಲಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳಿಸಿದೆ. ಸೋಮವಾರ ಮಕ್ಕಳ ಹೆಸರು ಹಾಜರಿ ಪುಸ್ತಕಕ್ಕೆ ಸೇರಿತು, ಮಧ್ಯಾಹ್ನದ ಬಿಸಿಯೂಟವೂ ಅಲ್ಲೇ ಸಿಕ್ಕಿತು.